ಉಸಿರು ನೋಡಿ ನೊಗ ಇಳಿಸಿರಿ

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಕೋಡು ನೋಡುತ್ತೇವೆ, ಬಣ್ಣ ನೋಡುತ್ತೇವೆ, ಸುಳಿ ನೋಡುತ್ತೇವೆ, ಬಾಯಿ ತೆರೆದು ಹಲ್ಲು ಎಣಿಸುತ್ತೇವೆ. ಮನೆಗೆ ತಂದು ಹೂಡಿದ ಮೇಲೆ ಅದರ ಉಸಿರು ಎಣಿಸುವವರು ಮಾತ್ರ ಕಡಿಮೆ. ಒಳ್ಳೆಯ ಜೋಡಿಗೆ ಲಕ್ಷ ರೂಪಾಯಿ ಮೀರುವ ಈ ದಿನಗಳಲ್ಲಿ, ಹಂಗಾಮಿನ ಮೊದಲ ವಾರದಲ್ಲೇ ಎತ್ತು ಕುಸಿದರೆ ಬಿತ್ತನೆಯೂ ಹೋಯಿತು, ಹಣವೂ ಹೋಯಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗೆ ಒಗ್ಗಿದ್ದು ಕಿಲಾರಿ. ಸೊಲ್ಲಾಪುರ, ಸಾಂಗ್ಲಿಯಿಂದ ವಿಜಯಪುರ, ಬೆಳಗಾವಿಯವರೆಗೆ ಹರಡಿರುವ ಈ ತಳಿ ಹಳ್ಳಿಕಾರ, ಅಮೃತಮಹಲ್ ಬಳಗದ್ದು. ಬಿಗಿಯಾದ ಮೈ, ಗಟ್ಟಿ ಗೊರಸು, ಚುರುಕು ನಡೆ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋದವರಿಗೆ ಈ ನಡೆಯ ಪರಿಚಯ ಬೇರೆ ಹೇಳಬೇಕಾಗಿಲ್ಲ. ಆದರೆ ಎರೆ ಹೊಲದಲ್ಲಿ ಆಳವಾಗಿ ಭಾರ ಎಳೆಯಲೆಂದೇ ಬೆಳೆಸಿದ್ದು ಬೇರೊಂದು ತಳಿ. ಅದು ಕೃಷ್ಣಾ ಕೊಳ್ಳದ ದನ. ದಕ್ಷಿಣ ಮರಾಠಾ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೀರ್, ಓಂಗೋಲ್ ಮೊದಲಾದ ತಳಿಗಳನ್ನು ಕೂಡಿಸಿ ಅದನ್ನು ಬೆಳೆಸಿದರು. ಮೈ ದೊಡ್ಡದು, ನಡೆ ನಿಧಾನ. ಈಗ ಅದು ಕಾಣಸಿಗುವುದೇ ಅಪರೂಪ. ಅದರ ಭಾರವನ್ನೆಲ್ಲ ಕಿಲಾರಿಯ ಹೆಗಲಿಗೆ ಹೊರಿಸಿ, ಮೇಲೆ ಕಿಲಾರಿಯ ವೇಗವನ್ನೂ ಬಯಸುವುದು ನ್ಯಾಯವಲ್ಲ.

ಲೆಕ್ಕ ನೋಡಿರಿ. ಎತ್ತು ತಾಸುಗಟ್ಟಲೆ ಎಳೆಯಬಲ್ಲದ್ದು ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲು. 400 ಕಿಲೋ ತೂಗುವ ಎರಡು ಎತ್ತಿನ ಜೋಡಿಗೆ 80 ಕಿಲೋ ಎಳೆತ ಬಂದಂತಾಯಿತು. ತಾಸಿಗೆ ಎರಡೂವರೆ ಕಿಲೋಮೀಟರ್ ನಡೆದರೆ ಅದು ಮುಕ್ಕಾಲು ಅಶ್ವಶಕ್ತಿ. ಸಿಕ್ಕಿಬಿದ್ದ ಚಕ್ಕಡಿ ಎತ್ತುವಾಗ ಕ್ಷಣಹೊತ್ತು ಇದರ ಹಲವು ಪಟ್ಟು ಎಳೆದೀತು. ಆ ಕ್ಷಣವನ್ನು ಕಂಡು ದಿನದ ಕೆಲಸ ಅಳೆಯಬಾರದು. 8 ಅಂಗುಲದ ಸಾಲು ಹಿಡಿದು ಒಂದು ಎಕರೆ ಉಳಲು ಜೋಡಿ 20 ಕಿಲೋಮೀಟರ್ ನಡೆಯಬೇಕು. ಬೈಲಹೊಂಗಲ ಬಿಟ್ಟವರು ಅಷ್ಟರಲ್ಲಿ ಸವದತ್ತಿಯ ಅರ್ಧ ಹಾದಿ ದಾಟಿರುತ್ತಾರೆ. ಆ ದಾರಿಯುದ್ದಕ್ಕೂ ನೆಲದಲ್ಲಿ ಹೂತ ರಂಟೆಯೂ ಹಿಂದೆ ಇರುತ್ತದೆ.

ಎಳೆಯುವ ಸ್ನಾಯು ಕೆಲಸಕ್ಕಿಂತ ಹೆಚ್ಚು ಕಾವನ್ನೇ ಹುಟ್ಟಿಸುತ್ತದೆ. ಆ ಕಾವು ಹೊರಗೆ ಹೋಗದಿದ್ದರೆ ಎತ್ತು ನಿಲ್ಲುತ್ತದೆ. ನಮ್ಮ ದೇಶೀ ದನಕ್ಕೆ ದೇವರು ಇಲ್ಲಿ ಒಳ್ಳೆಯ ಸಾಧನ ಕೊಟ್ಟಿದ್ದಾನೆ. ಅದರ ಬೆವರಿನ ಗ್ರಂಥಿಗಳು ಸೀಮೆ ದನದ ಗ್ರಂಥಿಗಳಿಗಿಂತ ದೊಡ್ಡವು, ಚರ್ಮದ ಮೇಲ್ಭಾಗಕ್ಕೆ ಹತ್ತಿರದವು. ಕೂದಲು ಗಿಡ್ಡ, ತೊಗಲು ಸಡಿಲ, ಕೊರಳಿಗೆ ಗಂಗೆದೊಗಲು. ಮಿಶ್ರತಳಿಯ ಹೋರಿ ಮೈಯಲ್ಲಿ ಎಷ್ಟೇ ತುಂಬಿಕೊಂಡಿದ್ದರೂ ಬಿಸಿಲೇರಿದಂತೆ ಬೇಗ ತೇಕುವುದು ಇದರಿಂದಲೇ. ಅದಕ್ಕೆ ಹಿಣಿಲು ಕಡಿಮೆ, ನೊಗವೂ ಸರಿಯಾಗಿ ನಿಲ್ಲುವುದಿಲ್ಲ.

ಹಾಗೆಂದು ಕಿಲಾರಿ ದಣಿಯುವುದಿಲ್ಲ ಎಂದಲ್ಲ. 1985ರಲ್ಲಿ ಉಪಾಧ್ಯಾಯ ಮತ್ತು ಮದನ್ ಎಂಬ ನಮ್ಮ ದೇಶದ ವಿಜ್ಞಾನಿಗಳು ಎತ್ತಿನ ದಣಿವಿಗೆ ಒಂದು ಅಂಕಪಟ್ಟಿಯನ್ನೇ ಮಾಡಿದರು. ಉಸಿರು, ನಾಡಿ, ಮೈಬಿಸಿ, ಬಾಯಿಯ ನೊರೆ, ಹೊರಚಾಚಿದ ನಾಲಗೆ, ತಪ್ಪುವ ಹೆಜ್ಜೆ ಮುಂತಾದ ಎಂಟು ಗುರುತುಗಳಿಗೆ ಐದೈದು ಅಂಕ. 40ರಲ್ಲಿ ಅರ್ಧ ಮೀರಿದರೆ ಎತ್ತು ದಣಿದಿದೆ ಎಂದು ಅರ್ಥ. ನಿಮಗೆ ಪಟ್ಟಿ ಬೇಡ, ಕಣ್ಣು ಸಾಕು. ಬೆಳಿಗ್ಗೆ ಹೂಡುವ ಮೊದಲು ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿರಿ. ತಂಪು ಹೊತ್ತಿನಲ್ಲಿ 20ರ ಆಸುಪಾಸು ಇದ್ದೀತು. ಕೆಲಸದ ನಡುವೆ ಅದು ಮೂರು ಪಟ್ಟಾದರೆ ಸಾಲಿನ ಕೊನೆಗೆ ನಿಲ್ಲಿಸಿರಿ. ಮೊದಲು ಜೊಲ್ಲು ಎಳೆಯಾಗಿ ಇಳಿಯುತ್ತದೆ, ಆಮೇಲೆ ಮೇಲ್ದುಟಿಗೆ ನೊರೆ ಹತ್ತುತ್ತದೆ. ಹಿಂಗಾಲು ಎಳೆಯತೊಡಗಿದ ಎತ್ತಿಗೆ ಬಾರುಕೋಲು ತೋರಿಸುವುದು ಮೂರ್ಖತನ. ನೊಗ ಇಳಿಸಿ ನೆರಳಿಗೆ ಕಟ್ಟಿರಿ, ಉಸಿರು ಇಳಿಯುವ ತನಕ ಕಾಯಿರಿ. ಬೇಸಿಗೆಯಲ್ಲಿ ದುಡಿಯುವ ಎತ್ತಿಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕಾದೀತು.

ಇನ್ನೊಂದು ಮಾತು. ಎತ್ತು ತಿಂದ ಕಣಿಕೆ ಒಮ್ಮೆಲೇ ಶಕ್ತಿಯಾಗುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಳಿಸಬೇಕು, ಎತ್ತು ಮತ್ತೆ ಬಾಯಿಗೆ ತಂದು ಮೆಲುಕು ಹಾಕಬೇಕು. ಒಣ ಮೇವು ತಿನ್ನುವ ದನಕ್ಕೆ ಮೆಲುಕಿಗೇ ದಿನದ ಆರರಿಂದ ಎಂಟು ತಾಸು ಬೇಕು. ನಸುಕಿನಿಂದ ಸಂಜೆಯ ತನಕ ಬಿಡುವಿಲ್ಲದೆ ಹೊಡೆದರೆ ಗೋದಲಿ ತುಂಬಿದ್ದರೂ ಎತ್ತು ಸೊರಗುತ್ತದೆ. ನಸುಕಿನಲ್ಲಿ ಹೂಡಿ ಹತ್ತು ಗಂಟೆಗೆ ಬಿಡುವುದು, ಬಿಸಿಲು ಇಳಿದ ಮೇಲೆ ಮತ್ತೆ ಹೂಡುವುದು ಹಿರಿಯರ ಪದ್ಧತಿ. ಅವರು ಎತ್ತಿನ ಹೊಟ್ಟೆಯನ್ನು ಸರಿಯಾಗಿಯೇ ಬಲ್ಲವರಾಗಿದ್ದರು.

ಈಗ ಆಳವಾದ ಉಳುಮೆಯನ್ನು ಬಹುತೇಕ ಟ್ರ್ಯಾಕ್ಟರೇ ಮಾಡುತ್ತದೆ. ಸೋಯಾ, ಹತ್ತಿ, ಶೇಂಗಾ ಹೊಲದಲ್ಲಿ ಎಡೆ ಹೊಡೆಯಲು ಮಾತ್ರ ಇಂದಿಗೂ ಜೋಡಿಯೇ ಬೇಕು. ಹಾಗಾಗಿ ತಿಂಗಳುಗಟ್ಟಲೆ ಕಟ್ಟಿ ನಿಲ್ಲಿಸಿದ ಎತ್ತನ್ನು ಮುಂಗಾರು ಬಿದ್ದ ದಿನವೇ ಪೂರ್ತಿ ದುಡಿಸುವುದು ಹೆಚ್ಚಾಗಿದೆ. ಮಳೆಗೆ ಹದಿನೈದು ದಿನ ಮೊದಲೇ ಖಾಲಿ ಚಕ್ಕಡಿಗೆ ಹೂಡಿ ನಡೆಸಿರಿ. ಮೊದಲ ವಾರ ಎರಡು ತಾಸು, ಆಮೇಲೆ ಏರಿಸುತ್ತ ಹೋಗಿರಿ. ಕಿತ್ತೂರು ಭಾಗದ ಮಸಾರಿ ಹೊಲದಲ್ಲಿ ದುಡಿದ ಜೋಡಿಯನ್ನು ರಾಮದುರ್ಗದ ಎರೆಗೆ ತಂದವರು ಇನ್ನೂ ನಿಧಾನ ಮಾಡಬೇಕು. ಅಂಟುವ ಎರೆಯಲ್ಲಿ ಹೆಜ್ಜೆ ಎತ್ತುವುದೇ ಒಂದು ಕೆಲಸ.

ಜೋಡಿಯಲ್ಲಿ ಒಂದು ಎತ್ತು ಬಡಕಲಾಗಿದ್ದರೆ ಈಸು ಕಟ್ಟುವ ಮಿಣಿಯನ್ನು ನೊಗದ ನಡುವಿನಿಂದ ಒಂದೆರಡು ಅಂಗುಲ ಬಲವಾದ ಎತ್ತಿನ ಕಡೆಗೆ ಸರಿಸಿರಿ. ಭಾರ ಅತ್ತ ವಾಲಿ ಬಡ ಎತ್ತಿಗೆ ಹಗುರಾಗುತ್ತದೆ. ಇಡೀ ಎಳೆತ ಬೀಳುವುದು ಹೆಗಲಿನ ಅಂಗೈಯಗಲದ ತೊಗಲಿನ ಮೇಲೆ. ನೊಗದ ಆ ಜಾಗ ನುಣುಪಾಗಿರಲಿ. ತೊಯ್ದ ಹೆಗಲಿಗೆ ನೊಗ ಬೇಡ. ಬಾವು ಕಂಡರೆ ಅಂದೇ ಕೆಲಸ ಬಿಟ್ಟು ಪಶುವೈದ್ಯರಿಗೆ ತೋರಿಸಿರಿ, ಪೂರ್ತಿ ಆರುವ ತನಕ ಹೂಡಬೇಡಿರಿ.