ಕಾಯುವವರಿಗೆ ಅರಳುವ ಹೂವು

ಫಲಪುಷ್ಪ ಪ್ರದರ್ಶನ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗ್. ಜನವರಿ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಗಾಜಿನ ಮನೆಯಲ್ಲಿ ರಾಶಿ ರಾಶಿ ಹೂಗಳಿಂದ ಕಟ್ಟಿದ ಆಕೃತಿಗಳನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ಆದರೆ ಗೇಣಗಲಕ್ಕಿಂತ ಚಿಕ್ಕದಾದ ಒಂದು ಕುಂಡ, ಅದರಲ್ಲಿ ಬೆರಳುದ್ದದ ನಾಲ್ಕಾರು ಹೂಗಳು, ಇಷ್ಟನ್ನೇ ಮೇಜಿನ ಮೇಲಿಟ್ಟು ಪದಕಕ್ಕಾಗಿ ಪೈಪೋಟಿ ನಡೆಸುವ ಪ್ರದರ್ಶನವೂ ಉಂಟು. ಬ್ರಿಟನ್ನಿನ ಆಲ್ಪೈನ್ ಸಸ್ಯಗಳ ಪ್ರದರ್ಶನ ಅಂಥದು.

ಆಲ್ಪೈನ್ ಎಂಬ ಹೆಸರು ಯೂರೋಪಿನ ಆಲ್ಪ್ಸ್ ಪರ್ವತಗಳಿಂದ ಬಂದದ್ದು. ಬೆಟ್ಟ ಏರುತ್ತ ಹೋದಂತೆ ಒಂದು ಎತ್ತರದ ಆಚೆಗೆ ಮರಗಳು ಬೆಳೆಯುವುದಿಲ್ಲ. ಅಲ್ಲಿಂದ ಮೇಲೆ ಬದುಕುವ ಗಿಡಗಳು ಗಾಳಿಗೂ ಚಳಿಗೂ ಅಂಜಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಕೆಲವು ದಿಂಬಿನಂತೆ ಗುಂಡಗಿದ್ದರೆ, ಕೆಲವು ಕಲ್ಲಿನ ಬಿರುಕಿನಲ್ಲಿ ಅಡಗಿರುತ್ತವೆ. ಹವ್ಯಾಸಿಗಳ ಲೆಕ್ಕದಲ್ಲಿ ಇವುಗಳ ಜೊತೆಗೆ ಟರ್ಕಿ, ಇರಾನ್, ಚಿಲಿ, ದಕ್ಷಿಣ ಆಫ್ರಿಕಗಳ ಸಣ್ಣ ಸಣ್ಣ ಗೆಡ್ಡೆ ಹೂಗಳೂ ಸೇರಿಕೊಂಡಿವೆ. ಇವುಗಳಿಗೆಂದೇ 1929ರಲ್ಲಿ ಆಲ್ಪೈನ್ ಗಾರ್ಡನ್ ಸೊಸೈಟಿ ಹುಟ್ಟಿತು. 1933ರಲ್ಲಿ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ ಆರಂಭವಾಯಿತು.

ಪ್ರದರ್ಶನದ ದಿನ ಸದಸ್ಯರು ತಮ್ಮ ಮನೆಯಲ್ಲಿ ಬೆಳೆಸಿದ ಕುಂಡಗಳನ್ನು ಕಾರಿನಲ್ಲಿ ಜೋಪಾನವಾಗಿ ತರುತ್ತಾರೆ. ಕುಂಡದ ಹೊರಮೈ ತೊಳೆದು, ಮಣ್ಣಿನ ಮೇಲೆ ಸಣ್ಣ ಜಲ್ಲಿ ಹರಡಿ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಕುಂಡದ ಅಳತೆಗೆ ತಕ್ಕಂತೆ ವಿಭಾಗಗಳಿವೆ: 19 ಸೆಂಟಿಮೀಟರ್ ಮೀರದ ಕುಂಡಗಳದು ಒಂದು, 36 ಸೆಂಟಿಮೀಟರ್‌ವರೆಗಿನದು ಇನ್ನೊಂದು. ಹೊಸಬರಿಗೇ ಬೇರೆ ವಿಭಾಗವಿದೆ. ಕೊಂಡು ತಂದ ಗಿಡವಲ್ಲ, ತಾವೇ ಬೀಜ ಬಿತ್ತಿ ಬೆಳೆಸಿದ್ದು ಎನ್ನುವವರಿಗೂ ಪ್ರತ್ಯೇಕ ಸ್ಪರ್ಧೆಯಿದೆ. ಇಡೀ ಪ್ರದರ್ಶನದ ಅತ್ಯುತ್ತಮ ಗಿಡಕ್ಕೆ ಸಿಗುವುದು ಫಾರರ್ ಪದಕ.

ಬೆಟ್ಟವೇ ಶಾಲೆ

ಪದಕಕ್ಕೆ ಹೆಸರು ಕೊಟ್ಟ ರೆಜಿನಾಲ್ಡ್ ಫಾರರ್ ಹುಟ್ಟಿದ್ದು 1880ರಲ್ಲಿ. ಹುಟ್ಟುವಾಗಲೇ ತುಟಿ ಸೀಳಿತ್ತು, ಮಾತು ಸ್ಪಷ್ಟವಾಗಿರಲಿಲ್ಲ. ಹೀಗಾಗಿ ಇತರ ಹುಡುಗರಂತೆ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕ್ಲಾಪಮ್ ಹಳ್ಳಿಯ ಸುತ್ತಲ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಒಬ್ಬನೇ ತಿರುಗುತ್ತ ಗಿಡಗಳ ಗುರುತು ಹಿಡಿದ. ಹದಿನಾಲ್ಕನೆಯ ವಯಸ್ಸಿಗೇ ತನ್ನದೊಂದು ಕಲ್ಲು ತೋಟ ಮಾಡಿಕೊಂಡಿದ್ದ. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಓದಿದ. ಚೀನದ ಗಾನ್ಸು ಪ್ರಾಂತದಲ್ಲಿ ಸಸ್ಯಗಳನ್ನು ಹುಡುಕಿದ. ಬೆಟ್ಟದ ಹೂಗಳ ಬಗೆಗೆ ಅವನು ಬರೆದ ಪುಸ್ತಕಗಳು ಒಂದು ತಲೆಮಾರಿಗೇ ಈ ಹುಚ್ಚು ಹಿಡಿಸಿದವು. 1920ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಸಸ್ಯ ಸಂಗ್ರಹದ ಪ್ರಯಾಣದಲ್ಲಿದ್ದಾಗಲೇ ಬರ್ಮಾದ ಉತ್ತರದ ಕಾಡಿನಲ್ಲಿ ತೀರಿಕೊಂಡ.

ನೀರು ಕೊಡದಿರುವ ವಿದ್ಯೆ

ಚಳಿ ದೇಶದ ಗಿಡವನ್ನು ಚಳಿ ದೇಶದಲ್ಲಿ ಬೆಳೆಸುವುದರಲ್ಲಿ ಕಷ್ಟವೇನು ಎಂದು ನೀವು ಕೇಳಬಹುದು. ಎತ್ತರದ ಬೆಟ್ಟದಲ್ಲಿ ಚಳಿಗಾಲವಿಡೀ ಹಿಮ ಹೊದ್ದು ಮಲಗಿರುವ ಗಿಡದ ಮೈಗೆ ನೀರು ಸೋಕುವುದಿಲ್ಲ. ಬ್ರಿಟನ್ನಿನಲ್ಲಾದರೆ ಚಳಿಗಾಲದಲ್ಲಿ ಜಿಟಿಜಿಟಿ ಮಳೆ. ಗಿಡ ಸಾಯುವುದು ಬಹುಮಟ್ಟಿಗೆ ಚಳಿಗಲ್ಲ, ಈ ತೇವಕ್ಕೆ. ಆದ್ದರಿಂದಲೇ ಬೆಳೆಗಾರರು ಗಾಜಿನ ಮನೆ ಕಟ್ಟಿ, ಕಿಟಕಿಗಳನ್ನು ತೆರೆದಿಟ್ಟು, ಗಾಳಿಯಾಡಲು ಬಿಟ್ಟು ಮಳೆಯನ್ನು ಮಾತ್ರ ತಡೆಯುತ್ತಾರೆ. ಕುಂಡಗಳನ್ನು ಮರಳಿನ ಹಾಸಿನಲ್ಲಿ ಹುಗಿದು, ಗಿಡದ ತಲೆಗೆ ಹನಿಯೂ ಬೀಳದಂತೆ ಮರಳಿಗೆ ನೀರುಣಿಸುವವರೂ ಇದ್ದಾರೆ.

ಇನ್ನೂ ನಾಜೂಕಿನವು ಚಳಿ ತಾಳದ ಗೆಡ್ಡೆಗಳು. ಗೆಡ್ಡೆ ಎಂದರೆ ಗಿಡದ ಉಗ್ರಾಣ. ಈರುಳ್ಳಿಯಂತೆ ಪದರ ಪದರವಾಗಿರುವುದು ಒಂದು ಬಗೆ. ಸುವರ್ಣಗೆಡ್ಡೆಯಂತೆ ಒಳಗೆಲ್ಲ ಒಂದೇ ತಿರುಳಾಗಿರುವುದು ಇನ್ನೊಂದು ಬಗೆ. ನಮ್ಮ ಹಬ್ಬದಡಿಗೆಗೆ ಬಣ್ಣ ಕೊಡುವ ಕೇಸರಿ ಹೂವು ಬರುವುದೂ ಈ ಎರಡನೆಯ ಬಗೆಯ ಗೆಡ್ಡೆಯಿಂದ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರವೆಲ್ಲ ಗೆಡ್ಡೆಗೆ ಇಳಿಯುತ್ತದೆ. ಪ್ರತಿಕೂಲ ಕಾಲ ಬಂದಾಗ ಎಲೆ ಒಣಗಿ ಗಿಡ ನೆಲದಡಿ ನಿದ್ರೆ ಹೋಗುತ್ತದೆ. ಕೆಲವು ಜಾತಿಗಳಲ್ಲಂತೂ ಬೇರುಗಳೇ ಕುಗ್ಗಿ ಗೆಡ್ಡೆಯನ್ನು ಆಳಕ್ಕೆ ಎಳೆದುಕೊಳ್ಳುತ್ತವೆ.

ಈ ನಿದ್ರೆಯ ಕಾಲ ಒಂದೊಂದಕ್ಕೆ ಒಂದೊಂದು. ದಕ್ಷಿಣ ಆಫ್ರಿಕದ ಕೇಪ್ ಪ್ರದೇಶದ ಲ್ಯಾಕೆನೇಲಿಯ ಚಳಿಗಾಲದ ಮಳೆಗೆ ಚಿಗುರಿ ಬೇಸಿಗೆಯಲ್ಲಿ ಮಲಗುತ್ತದೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು, ಬ್ರಿಟನ್ನಿನಲ್ಲೂ ಗಾಜಿನ ಮನೆಯೊಳಗೆ ಬೆಳೆಸುತ್ತಾರೆ. ಅದರ ಲೆಕ್ಕ ತಿರುವುಮುರುವು. ಅದಕ್ಕೆ ಬೇಸಿಗೆಯಲ್ಲಿ ನೀರು ಬೇಕು. ಚಳಿಗಾಲದಲ್ಲಿ ಗೆಡ್ಡೆ ಹೆಪ್ಪುಗಟ್ಟದ ಜಾಗದಲ್ಲಿ ಒಣಗಿರಬೇಕು. ಮಲಗಿದ ಗೆಡ್ಡೆಗೆ ಪ್ರೀತಿಯಿಂದ ನೀರೆರೆದರೆ ಅದು ಕೊಳೆತೇ ಹೋಗುತ್ತದೆ. ಯಾವಾಗ ನೀರು ಕೊಡಬಾರದು ಎಂದು ತಿಳಿದವನೇ ಇಲ್ಲಿ ಜಾಣ.

ಬೆಟ್ಟದಲ್ಲಿ ಮರೆಯಾಗಿ ಕುಂಡದಲ್ಲಿ ಉಳಿದದ್ದು

ಈ ಜಾಣ್ಮೆ ಬರೀ ಪದಕ ಗೆಲ್ಲಲಿಕ್ಕೆ ಮಾತ್ರವೇ? ಚಿಲಿ ದೇಶದ ಒಂದು ಪುಟ್ಟ ಹೂವಿನ ಕಥೆ ಕೇಳಿ. ಅದರ ಹೆಸರು ಟೆಕೊಫಿಲಿಯ ಸಯನೊಕ್ರೋಕಸ್. ನೋಡಲು ಕೇಸರಿಯ ಜಾತಿಯ ಕ್ರೋಕಸ್ ಹೂವಿನಂತಿರುವುದರಿಂದ ಚಿಲಿಯ ನೀಲಿ ಕ್ರೋಕಸ್ ಎನ್ನುತ್ತಾರೆ. ಆದರೆ ಕುಟುಂಬವೇ ಬೇರೆ. ಅದರ ಅಚ್ಚನೀಲಿ ಬಣ್ಣ ಹೂಗಳಲ್ಲಿ ಅಪರೂಪ. ಆ ಚೆಲುವೇ ಅದಕ್ಕೆ ಮುಳುವಾಯಿತು. ಸಾಂಟಿಯಾಗೋ ನಗರದ ಸಮೀಪದ ಆಂಡೀಸ್ ಬೆಟ್ಟಗಳಿಂದ ಮಾರಾಟಕ್ಕಾಗಿ ಗೆಡ್ಡೆ ಅಗೆದವರು ಒಂದು ಕಡೆ, ಅದು ಬೆಳೆಯುತ್ತಿದ್ದ ಹುಲ್ಲುಗಾವಲನ್ನು ಬೋಳು ಮಾಡಿದ ದನಕುರಿಗಳು ಇನ್ನೊಂದು ಕಡೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದು ತನ್ನ ನೆಲದಿಂದ ನಿರ್ನಾಮವಾಯಿತೆಂದೇ ಸಸ್ಯಶಾಸ್ತ್ರಜ್ಞರು ನಂಬಿದ್ದರು.

ಆ ವರ್ಷಗಳಲ್ಲೆಲ್ಲ ಅದು ಉಸಿರು ಹಿಡಿದು ಉಳಿದದ್ದು ಸಾವಿರಾರು ಮೈಲಿ ದೂರದ ಸಸ್ಯೋದ್ಯಾನಗಳಲ್ಲಿ ಮತ್ತು ಹವ್ಯಾಸಿಗಳ ಕುಂಡಗಳಲ್ಲಿ. ಶರತ್ಕಾಲದಲ್ಲಿ ನೀರು ಶುರು, ಚಳಿಗಾಲದ ಕೊನೆಗೆ ಹೂವು, ಬೇಸಿಗೆಯ ಆರಂಭಕ್ಕೆ ಎಲೆ ಒಣಗಿದೊಡನೆ ನೀರು ಬಂದ್. ಈ ವ್ರತವನ್ನು ವರ್ಷ ವರ್ಷವೂ ತಪ್ಪದೆ ನಡೆಸಿದವರಿಂದ ಅದರ ವಂಶ ಮುಂದುವರಿಯಿತು. 2001ರಲ್ಲಿ ಶುಭವಾರ್ತೆ ಬಂತು: ಸಾಂಟಿಯಾಗೋದ ದಕ್ಷಿಣಕ್ಕೆ ಆ ಹೂವು ಬೆಟ್ಟದಲ್ಲಿ ಮತ್ತೆ ಪತ್ತೆಯಾಗಿತ್ತು!

ಹಾಗೆಂದು ಕುಂಡವಿದ್ದರೆ ಬೆಟ್ಟ ಬೇಡ ಎಂದು ತಿಳಿಯಬಾರದು. ಕುಂಡದಲ್ಲಿ ಉಳಿಯುವುದು ಕೆಲವೇ ಗೆಡ್ಡೆಗಳ ಸಂತತಿ; ಬೆಟ್ಟದಲ್ಲಿರುವ ವೈವಿಧ್ಯ ಅದಕ್ಕಿಲ್ಲ. ಮೇಲಾಗಿ ಹೂವಿನ ಮೋಹವೇ ಬೆಟ್ಟವನ್ನು ಬರಿದು ಮಾಡಿದ ಉದಾಹರಣೆಯೂ ಇದೇ ಅಲ್ಲವೆ? ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1973ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಈಗ ಸೈಕ್ಲಮೆನ್, ಸ್ನೋಡ್ರಾಪ್‌ನಂಥ ಗೆಡ್ಡೆ ಹೂಗಳೂ ಇವೆ. ಸಂಘಗಳ ಸದಸ್ಯರು ತಮ್ಮ ಗಿಡಗಳ ಬೀಜಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಬೆಟ್ಟದಿಂದ ಒಂದು ಗೆಡ್ಡೆ ಕಿತ್ತರೆ ಅಲ್ಲೊಂದು ಗಿಡ ಕಡಿಮೆಯಾಯಿತು. ಮನೆಯ ಗಿಡದ ಒಂದು ಚಿಟಿಕೆ ಬೀಜ ಕೊಟ್ಟರೆ ಹತ್ತು ಮನೆಯಲ್ಲಿ ಗಿಡವಾಯಿತು. ಬೀಜದಿಂದ ಹೂವಿಗೆ ಮೂರು ನಾಲ್ಕು ವರ್ಷ ಹಿಡಿಯುವುದುಂಟು. ಏಳನೆಯ ತರಗತಿಯಲ್ಲಿ ಬಿತ್ತಿದವನು ಹೂವು ಕಾಣುವುದು ಎಸ್ಸೆಸ್ಸೆಲ್ಸಿ ಓದುವ ಹೊತ್ತಿಗೆ!

ಮನೆಯಲ್ಲೇ ಒಂದು ಪಾಠ

ಈ ಪಾಠ ಕಲಿಯಲು ಆಲ್ಪ್ಸ್‌ಗೆ ಹೋಗಬೇಕಿಲ್ಲ. ನಮ್ಮ ಅನೇಕ ಮನೆಗಳ ಅಂಗಳದಲ್ಲಿ ‘ಮೇ ಫ್ಲವರ್’ ಇರುತ್ತದೆ. ಕೆಂಪು ಚೆಂಡಿನಂಥ ಹೂವು. ಇದರ ಮೂಲವೂ ಆಫ್ರಿಕವೇ. ನೆರೆಮನೆಯವರಿಂದ ಒಂದು ಗೆಡ್ಡೆ ಕೇಳಿ ತನ್ನಿ. ಕುಂಡದ ತಳದ ತೂತು ಮುಚ್ಚಿಕೊಳ್ಳದಂತೆ ಹೆಂಚಿನ ಚೂರು ಇಟ್ಟು, ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಮಳೆಗಾಲದಲ್ಲಿ ಎಲೆ ಹಸಿರಾಗಿರುವಷ್ಟು ದಿನ ನೀರು ಕೊಡಿ. ಹೂವು ಮುಗಿಯಿತೆಂದು ಎಲೆ ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಬುತ್ತಿ ಕಟ್ಟುವುದು ಆ ಎಲೆಯೇ. ಮಳೆಗಾಲ ಕಳೆದು ಎಲೆ ಹಳದಿಯಾದಾಗ ನೀರು ಕಡಿಮೆ ಮಾಡಿ, ಒಣಗಿದ ಮೇಲೆ ಪೂರ್ತಿ ನಿಲ್ಲಿಸಿ. ಕುಂಡವನ್ನು ಮಳೆ ಬೀಳದ ನೆರಳಿನಲ್ಲಿಡಿ. ಬೇಸಿಗೆಯ ಮೊದಲ ಮಳೆಯ ಹೊತ್ತಿಗೆ ಮತ್ತೆ ನೀರು ಕೊಡಿ. ಎಲೆಗಿಂತ ಮುಂಚೆಯೇ ಹೂವಿನ ಮೊಳಕೆ ಮಣ್ಣು ಸೀಳಿ ಬರುವುದನ್ನು ಮಕ್ಕಳು ನೋಡಲಿ.

ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು: ಕೊನೆಯ ಎಲೆ ಒಣಗಿದ್ದು ಎಂದು, ಮೊದಲ ಮಳೆ ಬಂದದ್ದು ಎಂದು, ಎಷ್ಟು ದಿನಕ್ಕೆ ಹೂವು ಅರಳಿತು. ಎರಡು ಮೂರು ವರ್ಷದ ದಾಖಲೆ ಸೇರಿದರೆ ಅದೇ ಒಂದು ಪುಟ್ಟ ಸಂಶೋಧನೆ. ಹಿರಿಯರಿಗೆ ಒಂದು ಎಚ್ಚರಿಕೆ: ಮೇ ಫ್ಲವರ್, ಗೌರಿ ಹೂವು ಎರಡರ ಗೆಡ್ಡೆಗಳಲ್ಲೂ ವಿಷವಿದೆ. ಎಳೆಯ ಮಕ್ಕಳ ಬಾಯಿಗೆ, ದನಕರುಗಳಿಗೆ ಸಿಗದಂತೆ ನೋಡಿಕೊಳ್ಳಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಕಾಡಿನಿಂದ ಮಾತ್ರ ಯಾವ ಗೆಡ್ಡೆಯನ್ನೂ ಕಿತ್ತು ತರಬೇಡಿ.

ಪರೀಕ್ಷೆ, ಅಂಕ, ಫಲಿತಾಂಶ ಎಂದು ಎಲ್ಲದಕ್ಕೂ ಆತುರಪಡುವ ಮನೆಯಲ್ಲಿ ಬರಿಯ ಮಣ್ಣು ಕಾಣುವ ಕುಂಡವೊಂದು ಆರು ತಿಂಗಳು ಮೂಲೆಯಲ್ಲಿ ಕುಳಿತಿರುವುದು ಒಳ್ಳೆಯದೇ. ತಾಳಿದವನು ಬಾಳಿಯಾನು ಎಂದು ನಾವು ಹೇಳುವುದನ್ನು ಅದು ಮಾಡಿ ತೋರಿಸುತ್ತದೆ. ಏನೂ ಕಾಣುತ್ತಿಲ್ಲವೆಂದು ಅದನ್ನು ಎಸೆಯದಿದ್ದರೆ ಸಾಕು.