ದೀಪವೂ ಡಂಗುರವೂ

ತಂತ್ರಾಂಶ ಕಂಪೆನಿಯೊಂದರಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರಿಕಾ ಪ್ರಕಟಣೆಯೊಂದರ ಕನ್ನಡವನ್ನು ತಿದ್ದಿಕೊಡಬೇಕೆಂದು ಕೇಳಿದ. ಭಾಷೆಯಲ್ಲಿ ದೋಷವಿರಲಿಲ್ಲ. ‘ಅಪ್ರತಿಮ’, ‘ಕ್ರಾಂತಿಕಾರಿ’ ಮೊದಲಾದ ವಿಶೇಷಣಗಳು ಧಾರಾಳವಾಗಿದ್ದವು. ಆ ಹೊಸ ವಸ್ತು ಏನು ಮಾಡುತ್ತದೆಂಬುದೊಂದು ಮಾತ್ರ ಇರಲಿಲ್ಲ. ಇದು ಡಂಗುರವಾಯಿತು, ಸಂಪರ್ಕವಾಗಲಿಲ್ಲ ಎಂದೆ.

ಡಂಗುರದವನು ತನ್ನ ಮಾತನ್ನು ತಾನೇ ಸಾರುತ್ತಾನೆ. ಜಾಹೀರಾತು ಆ ಜಾತಿಗೆ ಸೇರಿದ್ದು. ಸಂಪರ್ಕದವನಾದರೋ ಪತ್ರಿಕೆಯವನು ತಾನು ಕಂಡದ್ದನ್ನು ತನ್ನ ಮಾತಿನಲ್ಲೇ ಬರೆಯುವಂತೆ ಮಾಡಬೇಕು. ಅಕ್ಕಿ ಕೊಳ್ಳುವವನಿಗೆ ಅಕ್ಕಿಯ ಗುಣ ಗೊತ್ತು. ಎಂದೂ ಕಾಣದ ಯಂತ್ರವನ್ನು ಕೊಳ್ಳುವವನಿಗೆ ಮಾರುವವನಲ್ಲದ ಮತ್ತೊಬ್ಬನ ಸಾಕ್ಷ್ಯ ಬೇಕು. ಈ ವಿದ್ಯೆ ಹೇಗೆ ಬೆಳೆಯಿತೆಂಬುದನ್ನು ನೋಡಲು ವಿದ್ಯುದ್ದೀಪದ ಆರಂಭಕಾಲದ ಅಮೆರಿಕಕ್ಕೆ ಹೋಗಬೇಕು.

1878ರಲ್ಲಿ ಥಾಮಸ್ ಎಡಿಸನ್, ದೀಪದ ಸಮಸ್ಯೆ ಬಗೆಹರಿಯಿತೆಂದು ಪತ್ರಕರ್ತರಿಗೆ ಹೇಳಿಬಿಟ್ಟನು. ಬಾಳಿಕೆ ಬರುವ ದೀಪ ಆಗ ಅವನ ಬಳಿ ಇರಲಿಲ್ಲ! ಆ ಸುದ್ದಿಗೇ ಅನಿಲದೀಪದ ಕಂಪೆನಿಗಳ ಷೇರುಗಳು ಕುಸಿದವು. ಅವನಿಗೆ ಬಂಡವಾಳ ದೊರೆಯಿತು. ಕೊಟ್ಟ ಮಾತು ಸಾಲವಾಗಿ ತಲೆಯ ಮೇಲೆ ಕುಳಿತಿತು. ಅದನ್ನು ಅವನು ತೀರಿಸಿದನೆಂಬುದೇ ಮುಖ್ಯ. 1879ರ ಕಡೆಯ ರಾತ್ರಿ ಮೆನ್ಲೋ ಪಾರ್ಕಿನ ಪ್ರಯೋಗಶಾಲೆಯ ದೀಪಗಳನ್ನು ನೋಡಲು ವಿಶೇಷ ರೈಲುಗಳಲ್ಲಿ ಜನ ಬಂದರು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಆರಂಭವಾದಾಗ ಬೆಳಗಿದ ಕಟ್ಟಡಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಾರ್ಯಾಲಯವೂ ಒಂದು. ಬರೆಯುವವನ ಮೇಜಿನ ಮೇಲೆಯೇ ದೀಪ ಉರಿಯುತ್ತಿರುವಾಗ ಅವನಿಗೆ ಬೇರೆ ಪ್ರಕಟಣೆ ಏತಕ್ಕೆ?

ಇದೇ ಎಡಿಸನ್ನನ ಕಂಪೆನಿ ಮುಂದೆ ಈ ವಿದ್ಯೆಯನ್ನು ಅಡ್ಡದಾರಿಗೆ ಎಳೆಯಿತು. ಅದು ಮಾರುತ್ತಿದ್ದ ನೇರ ವಿದ್ಯುತ್ತು ಮೈಲಿಯೊಂದರ ಆಸುಪಾಸಿನಲ್ಲೇ ಸೊರಗುತ್ತಿತ್ತು; ಪಿಟ್ಸ್‌ಬರ್ಗಿನ ಜಾರ್ಜ್ ವೆಸ್ಟಿಂಗ್‌ಹೌಸ್ ಕೈಗೆತ್ತಿಕೊಂಡ ಪರ್ಯಾಯ ವಿದ್ಯುತ್ತು ಬಹುದೂರ ಹರಿಯಬಲ್ಲದಾಗಿತ್ತು. ಇದನ್ನು ಎದುರಿಸಲಾರದೆ, ಪರ್ಯಾಯ ವಿದ್ಯುತ್ತು ಪ್ರಾಣಘಾತುಕವೆಂಬ ಪ್ರಚಾರ ಹೊರಟಿತು. 1888ರಲ್ಲಿ ಹ್ಯಾರಲ್ಡ್ ಬ್ರೌನ್ ಎಂಬವನು ಪತ್ರಕರ್ತರ ಸಮಕ್ಷಮದಲ್ಲಿ ನಾಯಿಯೊಂದನ್ನು ಆ ವಿದ್ಯುತ್ತಿನಿಂದ ಕೊಂದು ತೋರಿಸಿದನು. ಮರುವರ್ಷ ಅವನ ಕಚೇರಿಯಿಂದ ಕಳುವಾದ ಪತ್ರಗಳು ನ್ಯೂಯಾರ್ಕ್ ಸನ್ ಪತ್ರಿಕೆಯಲ್ಲಿ ಅಚ್ಚಾಗಿ, ಅವನ ಬೆನ್ನಿಗೆ ಎಡಿಸನ್ ಪಕ್ಷದವರಿದ್ದರೆಂಬುದು ಬಯಲಾಯಿತು. ನಿಷ್ಪಕ್ಷಪಾತಿಯೆಂದು ನಟಿಸಿದ ಸಾಕ್ಷಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ವೆಸ್ಟಿಂಗ್‌ಹೌಸ್ 1889ರಲ್ಲಿ ಪಿಟ್ಸ್‌ಬರ್ಗಿನ ಪತ್ರಕರ್ತ ಅರ್ನೆಸ್ಟ್ ಹೈನ್ರಿಕ್ಸ್‌ನನ್ನು ಕರೆದು, ಪತ್ರಿಕೆಗಳೊಡನೆ ವ್ಯವಹರಿಸುವ ಹೊಣೆಯನ್ನು ಒಪ್ಪಿಸಿದನು. ಕಂಪೆನಿಯೊಂದು ತನ್ನದೇ ಪತ್ರಿಕಾ ವಿಭಾಗವನ್ನು ಇಟ್ಟುಕೊಂಡ ಮೊದಲ ಉದಾಹರಣೆಯೆಂದು ಇದನ್ನು ಹೇಳುವುದುಂಟು. ಆದರೂ ಪತ್ರಗಳಿಂದಲೇ ಎಲ್ಲವೂ ಆಗಲಿಲ್ಲ. 1890ರಲ್ಲಿ ಮೊದಲ ವಿದ್ಯುತ್ ಕುರ್ಚಿಗೆ ಶಕ್ತಿ ಒದಗಿಸಿದ್ದು ವೆಸ್ಟಿಂಗ್‌ಹೌಸ್ ಯಂತ್ರವೇ ಎಂಬ ಕಳಂಕ ಉಳಿದೇ ಉಳಿಯಿತು. ಅದನ್ನು ತೊಳೆದದ್ದು 1893ರ ಷಿಕಾಗೋ ವಿಶ್ವಪ್ರದರ್ಶನ. ಕಡಿಮೆ ದರಕ್ಕೆ ಗುತ್ತಿಗೆ ಹಿಡಿದು ವೆಸ್ಟಿಂಗ್‌ಹೌಸ್ ಅಲ್ಲಿ ಪರ್ಯಾಯ ವಿದ್ಯುತ್ತಿನಿಂದ ದೀಪ ಹಚ್ಚಿಸಿದನು. 2 ಕೋಟಿ 70 ಲಕ್ಷದಷ್ಟು ಪ್ರವೇಶಗಳಾದ ಆ ಪ್ರದರ್ಶನದಲ್ಲಿ, ಕೊಲೆಗಡುಕನೆನಿಸಿಕೊಂಡ ವಿದ್ಯುತ್ತಿನ ಬೆಳಕಿನಲ್ಲಿ ಜನ ಮಕ್ಕಳುಮರಿಗಳೊಡನೆ ಓಡಾಡಿದರು. ಅಷ್ಟೂ ಮಂದಿ ಸಾಕ್ಷಿಗಳೇ.

ಅಷ್ಟರಲ್ಲಿ ಎಡಿಸನ್ನನ ಕಂಪೆನಿ 1892ರಲ್ಲಿ ಮತ್ತೊಂದರೊಡನೆ ಕೂಡಿ ಜನರಲ್ ಎಲೆಕ್ಟ್ರಿಕ್ ಆಗಿತ್ತು. ಹೆಸರಿನಿಂದ ಎಡಿಸನ್ ಮರೆಯಾಗಿದ್ದನು, ಪರ್ಯಾಯ ವಿದ್ಯುತ್ತು ಒಳಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅದೇ ಪರ್ಯಾಯ ವಿದ್ಯುತ್ತು ಹರಿದಾಗ ಅದರ ಉತ್ಪಾದನಾ ಯಂತ್ರಗಳನ್ನು ಒದಗಿಸಿದ್ದು ಈ ಜನರಲ್ ಎಲೆಕ್ಟ್ರಿಕ್ ಕಂಪೆನಿಯೇ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ಅದರ ದೀಪಗಳು ಉರಿದವು.

ವಿದ್ಯಾರ್ಥಿ ಇದನ್ನೆಲ್ಲ ತಾಳ್ಮೆಯಿಂದ ಕೇಳಿ, ಪ್ರಕಟಣೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ವಿಶೇಷಣಗಳನ್ನು ತೆಗೆದನೋ ಇಲ್ಲವೋ, ಪತ್ರಿಕೆಯಲ್ಲಿ ನೋಡಬೇಕು.