ಲಾರಿಯೂ ರೈಲು ಹತ್ತಬಹುದು



ನಮ್ಮ ಚಾಲಿ ಅಡಿಕೆ ಹೆಚ್ಚಾಗಿ ಖರ್ಚಾಗುವುದು ಉತ್ತರ ಭಾರತದಲ್ಲಿ. ಅಂಗಳದಲ್ಲಿ ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿಸಿ ಮಾರಿದ ಮೇಲೆ ಅದು ಅಲ್ಲಿಗೆ ಹೇಗೆ ಹೋಗುತ್ತದೆಂದು ನಾವು ವಿಚಾರಿಸುವುದಿಲ್ಲ, ದರವನ್ನಷ್ಟೇ ವಿಚಾರಿಸುತ್ತೇವೆ. ಬಹುಪಾಲು ಹೋಗುವುದು ಲಾರಿಯಲ್ಲಿ. ಮಹಾರಾಷ್ಟ್ರದ ಈರುಳ್ಳಿ ನಮ್ಮಲ್ಲಿಗೆ ಬರುವುದೂ ಹಾಗೆಯೇ. ಆ ಲಾರಿಗಳು ಓಡುವ ಹೆದ್ದಾರಿಯ ಬದಿಯಲ್ಲೇ ನಮ್ಮ ಮಕ್ಕಳು ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಾರೆ.

ಮಾರ್ಗದ ಕೆಂಪು ಧೂಳು ಕಣ್ಣಿಗೆ ಕಾಣುತ್ತದೆ. ಮೂಗಿನ ಕೂದಲು, ಗಂಟಲಿನ ಕಫ ಅದನ್ನು ಹೆಚ್ಚಾಗಿ ತಡೆಯುತ್ತವೆ. ಡೀಸೆಲ್ ಹೊಗೆಯ ಮಸಿ ಹಾಗಲ್ಲ. ಅದರ ಕಣಗಳು ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿಗಿಂತಲೂ ಸಣ್ಣವು. ಕರವಸ್ತ್ರ ಅಡ್ಡ ಹಿಡಿದರೂ ಒಳಗೆ ಹೋಗುತ್ತವೆ, ಶ್ವಾಸಕೋಶದ ಕೊನೆಯ ಗಾಳಿಚೀಲಗಳನ್ನು ಮುಟ್ಟುತ್ತವೆ. ದಮ್ಮು ಇರುವವರಿಗೆ ಉಬ್ಬಸ ಹೆಚ್ಚುತ್ತದೆ, ಹೃದಯಕ್ಕೂ ಕೆಡುಕು. ಡೀಸೆಲ್ ಹೊಗೆ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಖಚಿತವಾಗಿ ಹೇಳಿತು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಲಾರಿಗಳಲ್ಲಿ ಮಸಿ ಹಿಡಿಯುವ ಸೋಸುಕ ಇರುತ್ತದೆ, ನಿಜ. ಆದರೆ ಹಳೆಯ ಲಾರಿಗಳೂ ಇನ್ನೂ ಓಡುತ್ತಿವೆಯಲ್ಲ!

ದೂರದಿಂದ ಬಂದು ನಿಂತ ಲಾರಿಯ ಟಯರನ್ನು ಮುಟ್ಟಿ ನೋಡಿ, ಬಿಸಿ ಇರುತ್ತದೆ. ಭಾರಕ್ಕೆ ರಬ್ಬರು ಅಮುಕಿ ಅಮುಕಿ ಹುಟ್ಟಿದ ಬಿಸಿ ಅದು. ಅಷ್ಟು ಡೀಸೆಲ್ ವ್ಯರ್ಥ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಹೀಗೆ ಅಮುಕುವುದಿಲ್ಲ. ಆದುದರಿಂದಲೇ ಅದೇ ಭಾರವನ್ನು ಎಳೆಯಲು ರೈಲಿಗೆ ಬಹಳ ಕಡಿಮೆ ಇಂಧನ ಸಾಕು.

ಹಾಗಾದರೆ ಎಲ್ಲವನ್ನೂ ರೈಲಿಗೆ ಹಾಕಬಾರದೇ? ತೊಡಕು ಇರುವುದು ಏರಿಸಿ ಇಳಿಸುವುದರಲ್ಲಿ. ಗೋದಾಮಿನಿಂದ ಲಾರಿ, ಲಾರಿಯಿಂದ ವ್ಯಾಗನ್, ಮತ್ತೆ ಲಾರಿ. ಪ್ರತಿ ಸಲವೂ ಕೂಲಿ, ಪ್ರತಿ ಸಲವೂ ಗೋಣಿಗೆ ಕೊಕ್ಕೆ. ಕೊಂಕಣ ರೈಲ್ವೆಯವರು ಇದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಸರಕು ತುಂಬಿದ ಲಾರಿಯನ್ನೇ ಇಳಿಜಾರು ಕಟ್ಟೆಯ ಮೂಲಕ ಚಪ್ಪಟೆ ವ್ಯಾಗನ್ನಿಗೆ ಹತ್ತಿಸುವುದು, ಚಕ್ರಗಳನ್ನು ಬಿಗಿಯುವುದು, ಇಂಜಿನ್ ನಿಲ್ಲಿಸುವುದು! ಚಾಲಕನೂ ಜೊತೆಗೇ ಪ್ರಯಾಣ ಮಾಡುತ್ತಾನೆ. 'ರೋ-ರೋ' ಎಂಬ ಈ ಸೇವೆ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ ಆರಂಭವಾಗಿ, 2004ರಲ್ಲಿ ನಮ್ಮ ಹತ್ತಿರದ ಸುರತ್ಕಲ್ಲಿನವರೆಗೆ ಬಂತು. ಅಷ್ಟು ದೂರದ ಘಾಟಿ, ತಿರುವುಗಳಲ್ಲಿ ಆ ಲಾರಿಗಳ ಹೊಗೆ ಉಳಿಯಿತು. ಟಯರು ಸವೆಯಲಿಲ್ಲ, ಚಾಲಕನಿಗೆ ನಿದ್ದೆಯೂ ಸಿಕ್ಕಿತು. 2022ರಲ್ಲಿ ಕೊಂಕಣ ಮಾರ್ಗ ಪೂರ್ತಿ ವಿದ್ಯುದೀಕರಣಗೊಂಡಿತು. ವಿದ್ಯುತ್ತಿಗೂ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ ಎಂದು ನೀವು ಹೇಳಬಹುದು. ಹೌದು, ಆದರೆ ಮಕ್ಕಳ ಮೂಗಿನ ಎತ್ತರದಲ್ಲಿ ಅಲ್ಲ.

ಎರಡು ಗೋಣಿ ಅಡಿಕೆ ಇರುವವನು ರೈಲ್ವೆ ನಿಲ್ದಾಣಕ್ಕೆ ಹೋಗಿ ಏನು ಮಾಡಿಯಾನು? ಅದು ವ್ಯಾಪಾರಿಗಳ, ಸಹಕಾರಿ ಸಂಘಗಳ ಕೆಲಸ. ನಾವು ಸಂಘದ ಮಹಾಸಭೆಯಲ್ಲಿ ಕೇಳಬಹುದು: ದೂರದ ಸರಕನ್ನು ರೈಲಿನಲ್ಲಿ ಕಳುಹಿಸಿದರೆ ಬಾಡಿಗೆ ಎಷ್ಟು ಬೀಳುತ್ತದೆ, ಲೆಕ್ಕ ಹಾಕಿದ್ದೀರಾ?

ಹತ್ತಿರದ ಸಾಗಾಟಕ್ಕೆ ಮಾರ್ಗವೇ ಗತಿ. ಪೇಟೆಗೆ ಹೋಗುವ ದಿನ ನೆರೆಯ ಮೂರು ಮನೆಯವರು ಒಂದೇ ಪಿಕಪ್ಪಿನಲ್ಲಿ ಗೋಣಿ ಹಾಕಿದರೆ ಎರಡು ಬಾಡಿಗೆ ಉಳಿಯುತ್ತದೆ. ಗುಡ್ಡ ಹತ್ತುವಾಗ ನಿಮ್ಮ ಜೀಪು ಕಪ್ಪು ಹೊಗೆ ಉಗುಳಿದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ಶುಚಿ ಮಾಡಿಸಿ. ಆಗಲೂ ನಿಲ್ಲದಿದ್ದರೆ ಇಂಜೆಕ್ಟರ್ ತೋರಿಸಿ. ಅಂಗಳದಲ್ಲಿ ಗೋಣಿ ತುಂಬಿಸುವಷ್ಟು ಹೊತ್ತೂ ಇಂಜಿನ್ ನಿಲ್ಲಿಸಿರಿ, ಜಗಲಿಯಲ್ಲಿ ಮಲಗಿದ ಅಜ್ಜನಿಗೆ ಕೆಮ್ಮಿದ್ದರಂತೂ ಖಂಡಿತ.